ಪಾಂಪ್ಲೆಟ್‌ನಲ್ಲಿ 60 ಆಟ, ನಿಮ್ಮ ಮಗುವಿಗೆ ಎಷ್ಟು? ಬೇಸಿಗೆ ರಜೆಗೆ ಪಾರ್ಕ್ ಆರಿಸುವ ಮೊದಲು

ಏಪ್ರಿಲ್ ಬಂತು ಅಂದರೆ ಬೆಳಿಗ್ಗೆ ಪೇಪರ್ ಬಿಡಿಸಿದ ತಕ್ಷಣ ಒಳಗಿನಿಂದ ಪಾಂಪ್ಲೆಟ್ ಉದುರುತ್ತವೆ. ನಮ್ಮ ತುಮಕೂರಿನ ಬಿ.ಎಚ್. ರಸ್ತೆ ಉದ್ದಕ್ಕೂ ಫ್ಲೆಕ್ಸ್, ಬಸ್ಸಿನ ಹಿಂದೆ ಪೋಸ್ಟರ್, ಫೋನ್ ತೆಗೆದರೆ ರೀಲ್ಸ್. ಎಲ್ಲದರಲ್ಲೂ ಅದೇ ಚಿತ್ರ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಕೈ ಮೇಲೆತ್ತಿ ಕೂಗುತ್ತಾ ನೀರಿಗೆ ಜಾರುತ್ತಿರುತ್ತಾರೆ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 25 ಆಟ, 40 ಆಟ, 60 ಆಟ. ಕೆಳಗೆ ಕನ್ನಡಕ ಹಾಕಿಕೊಂಡರೂ ಓದಲಾಗದಷ್ಟು ಸಣ್ಣಗೆ 'ಷರತ್ತುಗಳು ಅನ್ವಯ'.

ಹೋದ ವರ್ಷ ಮೇ ತಿಂಗಳಲ್ಲಿ ನಾವೂ ಇಂಥದ್ದೊಂದು ಪಾಂಪ್ಲೆಟ್ ನಂಬಿ ಹೊರಟೆವು. ಹೆದ್ದಾರಿ ಪಕ್ಕದ ಒಂದು ಪಾರ್ಕ್, ತೀರಾ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಹೆಸರು ಬೇಡ. ನಾನು, ನಮ್ಮೆಜಮಾನ್ರು, ಮೂರನೇ ಕ್ಲಾಸು ಮುಗಿಸಿದ್ದ ಮಗಳು, ನಾಲ್ಕು ವರ್ಷದ ಮಗ, ಬಿಪಿ ಇರುವ ಮಾವ, ಮಂಡಿನೋವಿನ ಅತ್ತೆ, ಒಟ್ಟು ಆರು ಜನ. ಮಗಳಿಗೆ ಇದ್ದದ್ದು ಒಂದೇ ಆಸೆ. ಪಾಂಪ್ಲೆಟ್‌ನ ಬಲಗಡೆ ಮೂಲೆಯಲ್ಲಿ 'ಸ್ನೋ ರೂಮ್' ಅಂತ ಹಾಕಿದ್ದರು, ಮಕ್ಕಳು ಹಿಮದ ಉಂಡೆ ಎಸೆಯುವ ಫೋಟೊ ಬೇರೆ. ಹಿಂದಿನ ರಾತ್ರಿ ಅವಳೇ ಬೀರು ತೆಗೆದು ತನ್ನ ಸ್ವೆಟರ್, ತಮ್ಮನ ಮಂಕಿ ಟೋಪಿ ಎರಡನ್ನೂ ಬ್ಯಾಗಿಗೆ ತುಂಬಿಕೊಂಡಿದ್ದಳು. ಮೇ ತಿಂಗಳ ಸೆಕೆಯಲ್ಲಿ!

ಒಳಗೆ ಹೋದವಳೇ ಓಡಿದ್ದು ಅಲ್ಲಿಗೆ. ಶಟರ್ ಎಳೆದಿತ್ತು. ಮುಂದೆ ಮುರಿದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅಲ್ಲೇ ನಿಂತಿದ್ದ ಹುಡುಗನನ್ನು ಕೇಳಿದೆ.

"ಅದು ಸಂಕ್ರಾಂತಿ ಆದ್ಮೇಲಿಂದ ಬಂದ್ ಮೇಡಂ. ಕಂಪ್ರೆಸರ್ ಹೋಗಿದೆ."

"ಮತ್ತೆ ಹೋದ ವಾರದ ಪಾಂಪ್ಲೆಟ್‌ನಲ್ಲಿ ಯಾಕಪ್ಪಾ ಹಾಕಿದ್ದೀರಿ?"

"ಅದು ಆಫೀಸಿನವರು ಪ್ರಿಂಟ್ ಮಾಡ್ಸೋದು ಮೇಡಂ. ನಮ್ಮನ್ನ ಕೇಳಲ್ಲ."

ಆ ಹುಡುಗನ ತಪ್ಪೇನೂ ಇರಲಿಲ್ಲ. ಮಗಳು ಸ್ವೆಟರ್ ಬ್ಯಾಗನ್ನು ಎದೆಗೆ ಒತ್ತಿಕೊಂಡು ಶಟರ್ ನೋಡುತ್ತಾ ನಿಂತೇ ಇದ್ದಳು. ಅವತ್ತಿನಿಂದ ಈ ವಿಷಯ ನನ್ನ ತಲೆಯಿಂದ ಇಳಿದಿಲ್ಲ. ನಮ್ಮ ಹಾಗೆ ಲೆಕ್ಕ ಹಾಕಿ ವರ್ಷಕ್ಕೊಂದು ಟ್ರಿಪ್ ಮಾಡುವ ಮನೆಗಳಿಗೆ ಇದು ಸಣ್ಣ ವಿಷಯ ಅಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಜಾಹೀರಾತು ನಿಜಕ್ಕೂ ದಾರಿ ತಪ್ಪಿಸುತ್ತದೆಯಾ?

ತಪ್ಪಿಸುತ್ತದೆ, ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆಟದ ಯಂತ್ರ ಅಂದ ಮೇಲೆ ಕೆಡುತ್ತದೆ. ಬೆಳಿಗ್ಗೆ ಪರೀಕ್ಷೆ ಮಾಡುವಾಗ ಒಂದು ಸೀಟಿನ ಲಾಕ್ ಸರಿಯಾಗಿ ಕೂರದಿದ್ದರೆ ಅವತ್ತು ಆ ಆಟ ನಿಲ್ಲಿಸಲೇಬೇಕು. ಗುಡುಗು, ಮಿಂಚು, ಜೋರು ಗಾಳಿ ಬಂದರೆ ಎತ್ತರದ ಆಟಗಳನ್ನೆಲ್ಲ ನಿಲ್ಲಿಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನ ಮೂರು ಗಂಟೆಯ ಮೇಲೆ ಮಳೆ ಬರುವುದು ಮಾಮೂಲಿ, ಅದಕ್ಕೆ ಪಾರ್ಕಿನವರನ್ನು ಬೈಯೋದು ನ್ಯಾಯ ಅಲ್ಲ. ಹಾಗೆ ನಿಲ್ಲಿಸುವ ಪಾರ್ಕೇ ಒಳ್ಳೆಯ ಪಾರ್ಕ್. ಇವತ್ತು ಬೆಳಿಗ್ಗೆ ಕೆಟ್ಟಿತು ಅಂದರೆ ನಾನು ಒಪ್ಪುತ್ತೇನೆ. ನಾಲ್ಕು ತಿಂಗಳಿಂದ ಮುಚ್ಚಿರುವುದನ್ನು ಹೋದ ವಾರ ಪ್ರಿಂಟ್ ಮಾಡಿಸಿದ ಪಾಂಪ್ಲೆಟ್‌ನಲ್ಲಿ ಹಾಕಿದರೆ ಒಪ್ಪುವುದಿಲ್ಲ. ಅದು ಗೊತ್ತಿದ್ದೂ ಹೇಳಿದ ಸುಳ್ಳು.

ಇನ್ನೊಂದು ಬಗೆ ಇದೆ, ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಆಟ ಇರುತ್ತದೆ, ನಡೆಯುತ್ತಲೂ ಇರುತ್ತದೆ, ಆದರೆ ನಿಮ್ಮ ಮಗುವಿಗಲ್ಲ. ಅದೇ ದಿನ ರೋಲರ್ ಕೋಸ್ಟರ್ ಹತ್ತಿರ ಕರಡಿ ಚಿತ್ರದ ಒಂದು ಹಲಗೆ ನಿಲ್ಲಿಸಿದ್ದರು. ಕರಡಿಯ ಕೈ 130 ಸೆಂ.ಮೀ. ಎತ್ತರದಲ್ಲಿತ್ತು. ತಲೆ ಆ ಕೈಗೆ ತಾಗಿದರೆ ಒಳಗೆ, ಇಲ್ಲದಿದ್ದರೆ ಇಲ್ಲ. ಮಗಳು ಹಿಮ್ಮಡಿ ಎತ್ತಿ, ಕತ್ತು ಚಾಚಿ, ಉಸಿರು ಬಿಗಿಹಿಡಿದು ನಿಂತಳು. ಗೇಟಿನ ಹೆಣ್ಣುಮಗಳು ಮೆಲ್ಲಗೆ ಅವಳ ಭುಜದ ಮೇಲೆ ಕೈಯಿಟ್ಟು "ಹಿಮ್ಮಡಿ ಕೆಳಗಿಡು ಪುಟ್ಟಿ" ಅಂದರು. 124. ಅಷ್ಟೊತ್ತು ಕ್ಯೂನಲ್ಲಿ ನಿಂತದ್ದು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ಎತ್ತರದ ನಿಯಮ ನೂರಕ್ಕೆ ನೂರು ಸರಿ. ಸೀಟಿನ ಅಡ್ಡಪಟ್ಟಿ ದೊಡ್ಡವರ ಮೈಗೆ ತಕ್ಕ ಹಾಗೆ ಮಾಡಿರುತ್ತಾರೆ, ಚಿಕ್ಕ ಮಗು ಅದರ ಅಡಿಯಿಂದ ಜಾರಿಬಿಡಬಹುದು. ಆ ಹೆಣ್ಣುಮಗಳು ಬಿಟ್ಟಿದ್ದರೆ ನಾನೇ ಜಗಳ ಮಾಡಬೇಕಿತ್ತು. ನನ್ನ ಸಿಟ್ಟು ಪಾಂಪ್ಲೆಟ್ ಮೇಲೆ. ಅದರಲ್ಲಿ ಆ ಕೋಸ್ಟರ್‌ನಲ್ಲಿ ಕೂತಿದ್ದದ್ದು ನನ್ನ ಮಗಳಷ್ಟೇ ಎತ್ತರದ ಹುಡುಗಿ. ಎತ್ತರದ ಮಾತು ಎಲ್ಲೂ ಇರಲಿಲ್ಲ.

ಮೂರನೆಯದು ಸಮಯ. ತುಂಬಾ ಪಾರ್ಕ್‌ಗಳಲ್ಲಿ ನೀರಿನ ಆಟಗಳು ಗೇಟ್ ತೆಗೆದ ತಕ್ಷಣ ಶುರುವಾಗುವುದಿಲ್ಲ. ಸಂಜೆಯೂ ಬೇಗ ಮುಗಿಯುತ್ತವೆ. ವೇವ್ ಪೂಲ್‌ನಲ್ಲಿ ಅಲೆ ಇಡೀ ದಿನ ಬರುವುದಿಲ್ಲ, ಸೈರನ್ ಹೊಡೆದು ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ನಿಲ್ಲಿಸುತ್ತಾರೆ. ರೈನ್ ಡ್ಯಾನ್ಸ್ ಕೂಡ ಅಷ್ಟೇ. ಪಾಂಪ್ಲೆಟ್ ನೋಡಿದರೆ ಮಾತ್ರ ಎಲ್ಲವೂ ಬೆಳಿಗ್ಗೆಯಿಂದ ಸಂಜೆಯವರೆಗೆ ನಮಗಾಗಿ ಕಾಯುತ್ತಿವೆ ಅನ್ನಿಸುತ್ತದೆ.

ಆಟ ಎಷ್ಟಿವೆ ಅನ್ನುವುದನ್ನು ಬಿಡಿ, ನಿಮಗೆ ಎಷ್ಟು ಸಿಗುತ್ತವೆ ಅಂತ ನೋಡಿ

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಇದು ಗೊತ್ತಿದ್ದರೆ ಅರ್ಧ ಮೋಸ ತಪ್ಪುತ್ತದೆ. ಒಂದು ಆಟದಲ್ಲಿ 24 ಸೀಟು ಅಂದುಕೊಳ್ಳಿ. ಜನ ಹತ್ತಿ, ಲಾಕ್ ಹಾಕಿ, ಆಡಿಸಿ, ಇಳಿಸಲು ಆರು ನಿಮಿಷ. ಗಂಟೆಗೆ ಹತ್ತು ಸಲ, ಅಂದರೆ 240 ಜನ. ನಿಮ್ಮ ಮುಂದೆ 400 ಜನ ಇದ್ದರೆ ಒಂದು ಗಂಟೆ 40 ನಿಮಿಷ ನಿಲ್ಲಬೇಕು. ಪಾರ್ಕ್ 11ಕ್ಕೆ ತೆಗೆದು 6ಕ್ಕೆ ಮುಚ್ಚುತ್ತದೆ ಅಂದರೆ ಏಳು ಗಂಟೆ. ಊಟ, ಬಟ್ಟೆ ಬದಲಿಸುವುದು, ಲಾಕರ್, ಮಗುವನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು, ಅಲ್ಲಿಂದ ಇಲ್ಲಿಗೆ ನಡೆಯುವುದು, ಇದಕ್ಕೇ ಎರಡು ಗಂಟೆ ಹೋಗುತ್ತದೆ. ಉಳಿದ ಐದು ಗಂಟೆಯಲ್ಲಿ ಒಂದೊಂದು ಆಟಕ್ಕೂ ಅರ್ಧ ಗಂಟೆ ಹಿಡಿದರೆ ಹತ್ತು ಆಟ. ಭಾನುವಾರ ಮುಕ್ಕಾಲು ಗಂಟೆ ಹಿಡಿಯಿರಿ, ಆರೋ ಏಳೋ. 60 ಆಟ ಇರುವ ಪಾರ್ಕಿನಲ್ಲೂ ಹತ್ತೇ, 25 ಇರುವಲ್ಲೂ ಹತ್ತೇ. ಆ ಹತ್ತು ನಿಮ್ಮ ಮನೆಯವರಿಗೆ ಬೇಕಾದವಾ ಅನ್ನುವುದೇ ಮುಖ್ಯ.

ನಮ್ಮ ಲೆಕ್ಕ ಹೇಳುತ್ತೇನೆ ಕೇಳಿ. ಟಿಕೆಟ್ ಒಬ್ಬರಿಗೆ 699. 'ಮೂರು ಅಡಿಯೊಳಗಿನ ಮಕ್ಕಳಿಗೆ ಉಚಿತ' ಅಂತಿತ್ತು, ನಮ್ಮ ಮಗ ಮೂರು ಅಡಿ ದಾಟಿದ್ದ, ಹಾಗಾಗಿ ಆರು ಟಿಕೆಟ್, 4,194. ಲಾಕರ್ ಮತ್ತು ಬಾಡಿಗೆ ಈಜುಡುಗೆ 550. ಊಟ, ನೀರು, ಐಸ್‌ಕ್ರೀಂ 1,400. ಗಾಡಿ ಬಾಡಿಗೆ 3,500. ಒಟ್ಟು 9,644. ಸಂಜೆ ಗಾಡಿಯಲ್ಲಿ ಕೂತು ಎಣಿಸಿದೆ. ನಮ್ಮೆಜಮಾನ್ರು ಏಳು ಆಟ, ಮಗಳು ಆರು, ನಾನು ನಾಲ್ಕು, ಮಗ ಎರಡು. ಮಾವ ಒಂದೂ ಇಲ್ಲ. ಕೈಗೆ ಕಾಗದದ ಬ್ಯಾಂಡ್ ಕಟ್ಟಿಸಿಕೊಂಡು, ನಮ್ಮೆಲ್ಲರ ಬ್ಯಾಗು ಚಪ್ಪಲಿ ಕಾಯುತ್ತಾ ಹೊಂಗೆ ಮರದ ಕೆಳಗೆ ಕೂತಿದ್ದರು. ಅತ್ತೆ ಚಿಕ್ಕ ಮಕ್ಕಳ ಕೊಳದಲ್ಲಿ ಕಾಲು ನೆನೆಸಿಕೊಂಡರು, ಅಷ್ಟೇ. ಹತ್ತೊಂಬತ್ತು ಆಟ. ಒಂದಕ್ಕೆ 500 ರೂಪಾಯಿಯ ಮೇಲೆ ಬಿತ್ತು.

ಹೊರಡುವ ಮೊದಲೇ ನೀವು ಇದನ್ನು ಮಾಡಬಹುದು. ಖರ್ಚನ್ನೆಲ್ಲ ಕೂಡಿ, ಮನೆಯ ಒಬ್ಬೊಬ್ಬರೂ ನಿಜವಾಗಿ ಹತ್ತಬಹುದಾದ ಆಟಗಳನ್ನು ಎಣಿಸಿ ಭಾಗಿಸಿ. ಈಗ ಒಂದೊಂದು ಜಾಗವನ್ನೂ ಈ ಲೆಕ್ಕದಲ್ಲೇ ನೋಡೋಣ.

ಬಿಡದಿಯ ದೊಡ್ಡ ಪಾರ್ಕ್

ನಮ್ಮ ಜಿಲ್ಲೆಗಳ ಮಕ್ಕಳು 'ವಾಟರ್ ಪಾರ್ಕ್' ಅಂದರೆ ಮೊದಲು ಹೇಳುವ ಹೆಸರು ವಂಡರ್‌ಲಾ. ಮೈಸೂರು ರಸ್ತೆಯ ಬಿಡದಿ ಹತ್ತಿರ 2005ರಲ್ಲಿ ಶುರುವಾಯಿತು, 82 ಎಕರೆ ಜಾಗ, 60ಕ್ಕೂ ಜಾಸ್ತಿ ಆಟ. ತುಮಕೂರಿನಿಂದ ಮಾದಾವರದ ಹತ್ತಿರ ನೈಸ್ ರಸ್ತೆ ಹಿಡಿದರೆ ಬೆಂಗಳೂರಿನ ಒಳಗೆ ಹೋಗದೆ ಮೈಸೂರು ರಸ್ತೆ ಸೇರಬಹುದು, ಎರಡು ಗಂಟೆ ಇಟ್ಟುಕೊಳ್ಳಿ, ಟೋಲ್ ಲೆಕ್ಕಕ್ಕೆ ಸೇರಿಸಿ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಕಷ್ಟ ಜಾಸ್ತಿ, ಬೆಂಗಳೂರಿನ ಆ ಕಡೆಗೆ ದಾಟಬೇಕು. ಗಾಡಿ ಇಲ್ಲದಿದ್ದರೆ ನೇರಳೆ ಮೆಟ್ರೊದಲ್ಲಿ ಕೊನೆಯ ನಿಲ್ದಾಣ ಚಲ್ಲಘಟ್ಟದವರೆಗೆ ಹೋಗಿ ಅಲ್ಲಿಂದ ಬಿಡದಿ ಕಡೆಗೆ ಬಸ್ ಹಿಡಿಯಬಹುದು.

ಇಲ್ಲಿನ ಒಂದು ಒಳ್ಳೆಯ ವಿಷಯ, ಆಟಗಳ ವಿವರ ಮೊದಲೇ ವೆಬ್‌ಸೈಟಿನಲ್ಲಿ ಸಿಗುತ್ತದೆ. ಗಮನಿಸಬೇಕಾದದ್ದು, ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಉದ್ದ ಬೆಳೆದ ಹತ್ತು ವರ್ಷದ ಹುಡುಗನಿಗೆ ದೊಡ್ಡವರ ಟಿಕೆಟ್ ಬೀಳಬಹುದು. ಜೋರಾಗಿ ತಿರುಗಿಸುವ ಆಟಗಳಲ್ಲಿ ಹಲವಕ್ಕೆ 140 ಸೆಂ.ಮೀ. ಇರಬೇಕು. ಅಂದರೆ ಆರನೇ ಏಳನೇ ಕ್ಲಾಸಿನ ಮಕ್ಕಳಿಗೆ, ಕಾಲೇಜು ಹುಡುಗರಿಗೆ ಇದು ಹಬ್ಬ. ಒಂದನೇ ಎರಡನೇ ಕ್ಲಾಸಿನವರಿಗೆ ಅದೇ ಆಟಗಳನ್ನು ಕೆಳಗೆ ನಿಂತು ನೋಡುವ ಭಾಗ್ಯ. ಅವರಿಗೂ ಬೇರೆ ಆಟಗಳಿವೆ, ಖುಷಿಯಾಗಿಯೇ ಇರುತ್ತಾರೆ, ಆದರೆ ರೀಲ್ಸ್‌ನಲ್ಲಿ ನೋಡಿದ್ದು ಸಿಗುವುದಿಲ್ಲ. ಅದನ್ನು ಮನೆಯಲ್ಲೇ ಹೇಳಿಬಿಡಿ.

ವಾರದ ದಿನಕ್ಕೂ ಶನಿವಾರ ಭಾನುವಾರಕ್ಕೂ ದರ ಬೇರೆ. ಕ್ಯೂ ತಪ್ಪಿಸುವ ಫಾಸ್ಟ್ ಟ್ರ್ಯಾಕ್ ಟಿಕೆಟ್ ಇದೆ, ಅದಕ್ಕೆ ಜಾಸ್ತಿ ದುಡ್ಡು. ನೀರಿಗೆ ಇಳಿಯಲು ನೈಲಾನ್ ಈಜುಡುಗೆ ಬೇಕು, ಹತ್ತಿ ಬಟ್ಟೆಯಲ್ಲಿ ಬಿಡುವುದಿಲ್ಲ, ಮನೆಯಿಂದಲೇ ತೆಗೆದುಕೊಂಡು ಹೋದರೆ ಅಷ್ಟು ಉಳಿಯಿತು. ನನ್ನನ್ನು ಕೇಳಿದರೆ, ದುಡ್ಡು ಕೂಡಿಟ್ಟು ದೊಡ್ಡ ಪಾರ್ಕಿಗೆ ಹೋಗುವುದಾದರೆ ಮಕ್ಕಳು 140 ದಾಟಿದ ಮೇಲೆ, ಮಂಗಳವಾರವೋ ಬುಧವಾರವೋ ಹೋಗಿ. ವಯಸ್ಸಾದವರನ್ನು ಸುಮ್ನೆ ಬಿಸಿಲಲ್ಲಿ ಕೂರಿಸಲು ಕರೆದುಕೊಂಡು ಹೋಗಬೇಡಿ.

ಹೆದ್ದಾರಿ ಪಕ್ಕದ ಚಿಕ್ಕ ಪಾರ್ಕು, ಡೇ ಔಟ್ ರೆಸಾರ್ಟು

ಜಾಹೀರಾತಿಗೂ ನಿಜಕ್ಕೂ ಅತಿ ಹೆಚ್ಚು ಅಂತರ ಇರುವುದು ಇಲ್ಲಿ ಅಂತ ನನ್ನ ಅನುಭವ. ಎಲ್ಲವೂ ಹಾಗಲ್ಲ. ನಮ್ಮ ಅಕ್ಕನ ಮನೆಯವರು ಹೋದ ಒಂದು ರೆಸಾರ್ಟಿನಲ್ಲಿ ಇದ್ದದ್ದು ಎರಡು ಜಾರುಬಂಡೆ, ಒಂದು ಕೊಳ, ಒಂದು ಟ್ರಾಕ್ಟರ್ ಸವಾರಿ. ಅವರು ಹೇಳಿಕೊಂಡದ್ದೂ ಅಷ್ಟೇ, ಕೊಟ್ಟದ್ದೂ ಅಷ್ಟೇ, ಊಟ ಚೆನ್ನಾಗಿತ್ತು, ಎಲ್ಲರೂ ನೆಮ್ಮದಿಯಾಗಿ ವಾಪಸ್ ಬಂದರು. ತೊಂದರೆ ಬರುವುದು ಚಿಕ್ಕ ಜಾಗ ದೊಡ್ಡದರ ವೇಷ ಹಾಕಿದಾಗ.

ಅವರ ಎಣಿಕೆಯನ್ನು ಸ್ವಲ್ಪ ಬಿಡಿಸಿ ನೋಡಿ. '25 ಆಕ್ಟಿವಿಟೀಸ್' ಅಂತಾರೆ. ಅದರಲ್ಲಿ ಕೇರಂ ಒಂದು, ಚೆಸ್ ಒಂದು, ಬ್ಯಾಡ್ಮಿಂಟನ್ ಒಂದು, ಹಗ್ಗದ ಉಯ್ಯಾಲೆ ಒಂದು, 'ಸೆಲ್ಫಿ ಪಾಯಿಂಟ್' ಕೂಡ ಒಂದು! ನಾವು ಹೋದಲ್ಲಿ ಮೂರು ಬಣ್ಣದ ಮೂರು ಜಾರುಬಂಡೆಗಳನ್ನು ಮೂರು ಆಟ ಅಂತ ಎಣಿಸಿದ್ದರು. ಮತ್ತೆ ಕೆಲವಕ್ಕೆ ಒಳಗೆ ಬೇರೆ ದುಡ್ಡು. ಜಿಪ್‌ಲೈನ್, ಗೋ ಕಾರ್ಟ್, ಕುದುರೆ ಸವಾರಿ, ಈ ಮೂರೂ ಟಿಕೆಟಿನಲ್ಲಿ ಸೇರಿವೆಯಾ ಅಂತ ಕೇಳದೆ ಹೊರಡಬೇಡಿ. ಚಿತ್ರದಲ್ಲಿ ಮುಂದೆ ಇರುವುದು ಅವೇ, ಟಿಕೆಟಿನಲ್ಲಿ ಇಲ್ಲದಿರುವುದೂ ಹೆಚ್ಚಾಗಿ ಅವೇ.

ಚಿಕ್ಕ ಮಕ್ಕಳು, ವಯಸ್ಸಾದವರು ಇಬ್ಬರೂ ಇರುವ ಮನೆಗೆ ಒಳ್ಳೆಯ ರೆಸಾರ್ಟ್ ದೊಡ್ಡ ಪಾರ್ಕಿಗಿಂತ ವಾಸಿ, ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಅವರ ಫೋಟೊ ನೋಡಿ ಆರಿಸಬೇಡಿ. ಹೋದವರು ಹಾಕಿದ ಫೋಟೊ ನೋಡಿ, ಅದರಲ್ಲೂ ಕಳೆದ ಒಂದೆರಡು ತಿಂಗಳಿನವು. ಗೂಗಲ್ ಮ್ಯಾಪ್ ರಿವ್ಯೂಗಳನ್ನು 'ಹೊಸದು ಮೊದಲು' ಅಂತ ಜೋಡಿಸಿಕೊಂಡು ಹತ್ತು ಹದಿನೈದು ಓದಿ. ನಾನು ವಾಪಸ್ ಬಂದ ಮೇಲೆ ಓದಿದೆ. ಸ್ನೋ ರೂಮ್ ಮುಚ್ಚಿದೆ ಅಂತ ಶಿವರಾತ್ರಿ ಹೊತ್ತಿಗೇ ಒಬ್ಬರು ಬರೆದಿದ್ದರು.

ಜಾತ್ರೆ, ಎಕ್ಸಿಬಿಷನ್ನು

ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಲ್ವಾ? ಶಿವರಾತ್ರಿ ಸಮಯದಲ್ಲಿ ಸಿದ್ಧಗಂಗೆಯ ಜಾತ್ರೆಗೆ ಹೋಗಿ, ವಸ್ತುಪ್ರದರ್ಶನದ ಪಕ್ಕ ಜೈಂಟ್ ವೀಲ್, ಕೊಲಂಬಸ್, ಮಕ್ಕಳ ರೈಲು ಹಾಕಿರುತ್ತಾರೆ. ನಮ್ಮ ಇಬ್ಬರು ಮಕ್ಕಳೂ ಸೇರಿ ಈ ಸಲ ಒಂಬತ್ತು ಆಟ ಆಡಿದರು, ಖರ್ಚಾದದ್ದು 600 ರೂಪಾಯಿ. ಮಾವನಿಗೆ ದನಗಳ ಜಾತ್ರೆ, ಅತ್ತೆಗೆ ಮಠದ ದರ್ಶನ ಮತ್ತು ದಾಸೋಹ, ನನಗೆ ಬಳೆ ಅಂಗಡಿ. ಯಾರೂ ಬ್ಯಾಗ್ ಕಾಯುತ್ತಾ ಕೂರಲಿಲ್ಲ.

ಇಲ್ಲಿ ಆಟ ಕಣ್ಣೆದುರೇ ತಿರುಗುತ್ತಿರುತ್ತದೆ, ದರ ಹಲಗೆಯ ಮೇಲೆ ಬರೆದಿರುತ್ತದೆ, ಬೇಕಾದರೆ ಹತ್ತು, ಬೇಡವಾದರೆ ಮುಂದೆ ನಡಿ. ಜಾಹೀರಾತಿನ ಮಾತೇ ಬರುವುದಿಲ್ಲ. ಆದರೆ ಸುರಕ್ಷತೆಯ ವಿಷಯದಲ್ಲಿ ಕಣ್ಣು ತೆರೆದಿರಬೇಕು. ಇವು ಊರಿಂದ ಊರಿಗೆ ಬಿಚ್ಚಿ ಜೋಡಿಸುವ ಯಂತ್ರಗಳು. ಕಾಲಿನ ಕೆಳಗೆ ಮರದ ದಿಮ್ಮಿ ಸರಿಯಾಗಿ ಕೂತಿದೆಯಾ, ತೊಟ್ಟಿಲ ಬಾಗಿಲಿಗೆ ಕೊಂಡಿ ಇದೆಯಾ ಅಥವಾ ಹಗ್ಗ ಕಟ್ಟಿದ್ದಾರಾ, ಒಂದು ತೊಟ್ಟಿಲಿಗೆ ಎಷ್ಟು ಜನರನ್ನು ತುರುಕುತ್ತಿದ್ದಾರೆ, ನಡೆಸುವವನು ಫೋನ್ ನೋಡುತ್ತಾ ಇದ್ದಾನಾ, ಇಷ್ಟು ನೋಡಲು ಐದು ನಿಮಿಷ ಸಾಕು. ಒಂದು ಸರಿ ಕಾಣದಿದ್ದರೂ ಹತ್ತಿಸಬೇಡಿ, ಮಗು ಎಷ್ಟೇ ಅತ್ತರೂ ಸರಿ.

ಮಾಲ್‌ನ ಗೇಮ್ ಝೋನ್ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ. ಕಾರ್ಡಿಗೆ ದುಡ್ಡು ಹಾಕಿಸಿದರೆ ಉಳಿದದ್ದು ವಾಪಸ್ ಕೊಡುತ್ತಾರಾ ಅಂತ ಮೊದಲೇ ಕೇಳಿ, ಅಷ್ಟೇ.

ಜಾಹೀರಾತೇ ಇಲ್ಲದ ಜಾಗಗಳು

ಬನ್ನೇರುಘಟ್ಟದಲ್ಲಿ ಮೃಗಾಲಯವೂ ಇದೆ, ಸಫಾರಿಯೂ ಇದೆ. ಬರೀ ಮೃಗಾಲಯದ ಟಿಕೆಟ್ ತೆಗೆದುಕೊಂಡು ಹುಲಿ ಸಿಂಹ ಬಸ್ಸಿನ ಪಕ್ಕ ಬರುತ್ತವೆ ಅಂತ ಕಾಯಬೇಡಿ, ಅದಕ್ಕೆ ಸಫಾರಿ ಸೇರಿದ ಟಿಕೆಟ್ಟೇ ಬೇಕು. ಮಂಗಳವಾರ ರಜೆ. ಇದು ಗೊತ್ತಿಲ್ಲದೆ ಮಂಗಳವಾರ ಹೋಗಿ ಗೇಟಿನಿಂದ ವಾಪಸ್ ಬಂದ ಮನೆಯವರು ನಮ್ಮ ಬೀದಿಯಲ್ಲೇ ಇದ್ದಾರೆ. ಇಲ್ಲಿ ನಾಲ್ಕು ವರ್ಷದವನೂ ಎಪ್ಪತ್ತು ವರ್ಷದವರೂ ಒಂದೇ ಬಸ್ಸಿನಲ್ಲಿ ಕೂತು ಒಂದೇ ಹುಲಿ ನೋಡುತ್ತಾರೆ, ಎತ್ತರ ಅಳೆಯುವವರು ಯಾರೂ ಇಲ್ಲ.

ತುಮಕೂರಿನವರಿಗೆ ಇನ್ನೂ ಹತ್ತಿರ ದೇವರಾಯನದುರ್ಗ, ದಾರಿಯಲ್ಲೇ ನಾಮದ ಚಿಲುಮೆ. ಬಂಡೆಯ ಒಳಗಿಂದ ಸಣ್ಣಗೆ ಉಕ್ಕುವ ನೀರಿಗೆ ಮಗ ಕೈ ಹಾಕಿ "ಅಮ್ಮಾ, ನಲ್ಲಿ ಎಲ್ಲಿದೆ?" ಅಂತ ಹುಡುಕಿದ್ದ. ಪಕ್ಕದಲ್ಲಿ ಜಿಂಕೆಗಳಿವೆ. ಮೇಲೆ ಯೋಗ ನರಸಿಂಹ, ಕೆಳಗೆ ಭೋಗ ನರಸಿಂಹ. ಬುತ್ತಿ ಕಟ್ಟಿಕೊಂಡು ಹೋದರೆ ಪೆಟ್ರೋಲ್ ಖರ್ಚು ಬಿಟ್ಟರೆ ಹೆಚ್ಚೇನಿಲ್ಲ. ಚಿಕ್ಕಬಳ್ಳಾಪುರದವರಿಗೆ ನಂದಿ, ಕೋಲಾರದವರಿಗೆ ಅಂತರಗಂಗೆ ಹೀಗೆಯೇ. ಕೋತಿಗಳ ಕಾಟ ಎಲ್ಲ ಕಡೆ ಇದೆ, ತಿಂಡಿ ಕವರ್ ಕೈಯಲ್ಲಿ ಹಿಡಿದು ಓಡಾಡಬೇಡಿ. ಹಾಗಂತ ನೀರಿನ ಆಟ ಬೇಕು ಅಂತ ಹಟ ಹಿಡಿದ ಮಗುವನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿ ಸಮಾಧಾನ ಮಾಡಬಹುದು ಅಂತ ನಾನು ಹೇಳುವುದಿಲ್ಲ. ಅದು ಆಗದ ಮಾತು.

ಬುಕ್ ಮಾಡುವ ಮುಂಚೆ

ಮೊದಲು ಮಕ್ಕಳ ಎತ್ತರ ಅಳೆಯಿರಿ. ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಪ್ರತಿ ಯುಗಾದಿಗೆ ಪೆನ್ಸಿಲ್ ಗೆರೆ ಎಳೆಯುತ್ತೇವೆ, ಈಗ ಪಾರ್ಕಿನ ಮಾತು ಬಂದರೆ ಮೊದಲು ನೋಡುವುದು ಆ ಗೆರೆಯನ್ನೇ. ಚಪ್ಪಲಿ ಇಲ್ಲದೆ ಅಳೆಯಿರಿ, ನೀರಿನ ಆಟಕ್ಕೆ ಚಪ್ಪಲಿ ಹಾಕಿಕೊಂಡು ಬಿಡುವುದಿಲ್ಲ.

ಆಮೇಲೆ ಫೋನ್ ಮಾಡಿ. "ಚೆನ್ನಾಗಿದೆಯಾ?" ಅಂತ ಕೇಳಿದರೆ "ಬನ್ನಿ ಸಾರ್, ಸೂಪರಾಗಿದೆ" ಅಂತಲೇ ಹೇಳುತ್ತಾರೆ. ಪಾಂಪ್ಲೆಟ್ ಕೈಯಲ್ಲಿ ಹಿಡಿದು ಒಂದೊಂದೇ ಹೆಸರು ಓದಿ, "ಇದು ಈ ಭಾನುವಾರ ನಡೆಯುತ್ತದೆಯಾ? ಎಷ್ಟು ಎತ್ತರ ಬೇಕು? ಈ ಟಿಕೆಟಿನಲ್ಲೇ ಸೇರಿದೆಯಾ? ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ?" ಅಂತ ಕೇಳಿ. ಆಡದೆ ಕೂರುವವರಿಗೆ ಕಡಿಮೆ ದರದ ಟಿಕೆಟ್ ಇದೆಯಾ ಅಂತಲೂ ಕೇಳಿ. ಫೋನ್ ಇಟ್ಟ ಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಉತ್ತರ ಪಡೆದುಕೊಳ್ಳಿ. ಬಾಯಿಮಾತಿಗೆ ಆಮೇಲೆ ಬೆಲೆ ಇರುವುದಿಲ್ಲ.

ಆನ್‌ಲೈನ್‌ನಲ್ಲಿ ಬುಕ್ ಮಾಡುವಾಗ ಕೊನೆಯ ಪುಟದವರೆಗೆ ಕಣ್ಣಿಟ್ಟಿರಿ. ಊಟದ ಕೂಪನ್‌ಗೆ ಅವರೇ ಟಿಕ್ ಹಾಕಿರುತ್ತಾರೆ, ಸರ್ವಿಸ್ ಚಾರ್ಜ್ ಕೊನೆಗೆ ಸೇರಿಸುತ್ತಾರೆ, 'ಇನ್ನು ಮೂರೇ ಟಿಕೆಟ್' ಅಂತ ಅವಸರ ಮಾಡುತ್ತಾರೆ. ಇಂಥ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ.

ಮೋಸ ಆಗಿಯೇ ಹೋದರೆ

ಸುಮ್ನೆ ಬಿಡಬೇಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಇದೆ. ಸುಳ್ಳು ಹೇಳುವುದು ಮಾತ್ರವಲ್ಲ, ಮುಖ್ಯವಾದ ವಿಷಯವನ್ನು ಬೇಕೆಂದೇ ಮುಚ್ಚಿಡುವುದು ಕೂಡ ಆ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತೇ. ಪ್ರಾಧಿಕಾರ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಮಾತಿದೆ. ಷರತ್ತುಗಳು ಜಾಹೀರಾತಿನ ಭಾಷೆಯಲ್ಲೇ ಇರಬೇಕು, ಎಲ್ಲರಿಗೂ ಕಾಣುವ ಹಾಗಿರಬೇಕು. ಕನ್ನಡದಲ್ಲಿ ಕರೆದು ಇಂಗ್ಲಿಷಿನಲ್ಲಿ ಷರತ್ತು ಹಾಕುವ ಹಾಗಿಲ್ಲ. ನಮ್ಮ ಪಾಂಪ್ಲೆಟ್‌ನಲ್ಲಿ ಹಿಂಬದಿಯ ಷರತ್ತು ಪೂರ್ತಿ ಇಂಗ್ಲಿಷಿನಲ್ಲಿತ್ತು.

ನಾನು ಮಾಡಿದ್ದು ಇಷ್ಟು. ಶಟರ್ ಎಳೆದಿದ್ದ ಸ್ನೋ ರೂಮಿನ ಫೋಟೊ ಅಲ್ಲೇ ತೆಗೆದುಕೊಂಡೆ, ಪಾಂಪ್ಲೆಟ್ ಎಸೆಯಲಿಲ್ಲ, ಟಿಕೆಟ್ ಜೋಪಾನ ಮಾಡಿದೆ. ಮೊದಲು ಪಾರ್ಕಿಗೆ ಇಮೇಲ್ ಬರೆದೆ, ಉತ್ತರ ಬರಲಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಬಹುದು. ದೂರಿನ ನಂಬರ್ ಕೊಟ್ಟರು. ಎರಡು ವಾರ ಆದ ಮೇಲೆ ಪಾರ್ಕಿನಿಂದ ಫೋನ್ ಬಂತು, ಇನ್ನೊಂದು ಸಲ ಉಚಿತವಾಗಿ ಬನ್ನಿ ಅಂದರು. ಮತ್ತೆ 3,500 ಗಾಡಿ ಬಾಡಿಗೆ ಕೊಟ್ಟು ಬರಲು ಆಗುವುದಿಲ್ಲ, ದುಡ್ಡೇ ಕೊಡಿ ಅಂದೆ. ಕೊನೆಗೆ ಇಬ್ಬರು ಮಕ್ಕಳ ಟಿಕೆಟ್ ದುಡ್ಡು 1,398 ವಾಪಸ್ ಹಾಕಿದರು.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಪಾರ್ಕ್ ಎಲ್ಲೇ ಇರಲಿ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡುವ ಹಕ್ಕಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ವಕೀಲರು ಇರಲೇಬೇಕು ಅಂತೇನೂ ಇಲ್ಲ.

ಈ ಯುಗಾದಿಗೆ ಮಗಳ ಗೆರೆ 131ಕ್ಕೆ ಬಂದಿದೆ. 140ರ ಹತ್ತಿರ ಅವಳೇ ಒಂದು ಚುಕ್ಕೆ ಇಟ್ಟು ಪಕ್ಕದಲ್ಲಿ 'ಬಿಡದಿ' ಅಂತ ಬರೆದಿದ್ದಾಳೆ. ಅಲ್ಲಿಯವರೆಗೆ ಈ ಬೇಸಿಗೆಗೆ ಬನ್ನೇರುಘಟ್ಟ, ಗುರುವಾರ ಹೊರಡುತ್ತೇವೆ, ಮಾವನಿಗೆ ಕಿಟಕಿ ಪಕ್ಕದ ಸೀಟು.